ಅಜ್ಜಿ ಕೀಳ್ತಿದ್ದ ಮಾಳಿಗೆ ಹುಲ್ಲು

ಬೆಂಗಳೂರಾಗೆ ಈಗ ತಾರಸಿ ಮೇಲೆ ಹುಲ್ಲು ಬೆಳೆಸೋಕೆ ದುಡ್ಡು ಕೊಡ್ತಾರೆ ಕಣ್ರಮ್ಮ. ನಾನು ಚಿಕ್ಕೋಳಿದ್ದಾಗ, 1978ರ ಸುಮಾರಿಗೆ, ನಮ್ ಬಲಸಮುದ್ರದ ಮಾಳಿಗೆ ಮೇಲೆ ಮಳೆ ಬಿದ್ರೆ ಹುಲ್ಲು ತಾನೇ ಹುಟ್ತಿತ್ತು. ಅಜ್ಜಿ ಏಣಿ ಹತ್ತಿ, ಬೈಕಂತಾ ಕೀಳೋರು.

ಗೋಡೆ ಮೇಲೆ ತೊಲೆ, ತೊಲೆ ಮೇಲೆ ಜಂತೆ, ಒತ್ತಾಗಿ ಕಡ್ಡಿ, ಬಂದರೆ ಸೊಪ್ಪು, ಮಣ್ಣು. ಎಲ್ಲಕ್ಕೂ ಮೇಲೆ ಕರಲು ಮಣ್ಣು. ಕರಲಲ್ಲಿ ಉಪ್ಪಿನಂಶ ಇರೋದ್ರಿಂದ ನೆಂದ್ರೆ ಸಂದು ಮುಚ್ಕಂತದೆ, ನೀರು ಇಳಿಯಲ್ಲ. ಬೇಸಿಗೇಲಿ ಮನೆಯೊಳಗೆ ತಂಪು. ಆದ್ರೆ ಹುಲ್ಲಿನ ಬೇರು ಇಳಿದ್ರೆ ಸೋರೋಕೆ ದಾರಿ.

ನಾರ್ವೆ ದೇಶದಾಗೆ ಹಿಂದಿನಿಂದ್ಲೂ ಸೂರಿನ ಮೇಲೆ ಹುಲ್ಲಿನ ಹೆಂಟೆ ಹೊದಿಸೋರು. ಅಲ್ಲಿ ನೀರು ತಡೆಯೋದು ಕೆಳಗಿನ ಬರ್ಚ್ ಮರದ ತೊಗಟೆ. ಹೆಂಟೆ ಅದನ್ನ ಅದುಮಿ ಹಿಡಿಯುತ್ತೆ. ನಮ್ಮಲ್ಲಿ ನೀರು ತಡೆಯೋದೇ ಮಣ್ಣು. ಅದಕ್ಕೇ ಅವರಿಗೆ ನೆಂಟನಾದ ಹುಲ್ಲು ನಮಗೆ ಶತ್ರು.

ಅಜ್ಜಿ ಹೋದ್ಮೇಲೆ ಹುಲ್ಲು ಕೀಳೋರಿರಲಿಲ್ಲ. ನೀರಿಳಿದು ಜಂತೆ ಕೊಳೆತು, ಒಂದು ಮಳೆಗಾಲ ನಡುಮನೆ ಮಾಳಿಗೆ ಕುಸೀತು. ಪುಣ್ಯಕ್ಕೆ ಎಲ್ರೂ ಜಗಲೀಲಿದ್ವಿ.

ಈಗ ಮಗಳು ತಾರಸೀಲಿ ಹುಲ್ಲು ಹಾಕ್ತೀನಿ ಅಂತಾಳೆ. ಹಾಕವ್ವ, ಬೇಡ ಅನ್ನಲ್ಲ. 4 ಇಂಚು ಒದ್ದೆ ಮಣ್ಣು ಅಂದ್ರೆ ಚದರಡಿಗೆ ಸುಮಾರು 15 ಕೆಜಿ. ಆ ಭಾರ ತಾರಸಿ ಹೊರುತ್ತಾ, ನೀರು ತಡೆಯೋದು ಯಾವುದು, ಬೇರು ತಡೆಯೋದು ಯಾವುದು, ಮೊದ್ಲು ಕೇಳ್ಕ ಅಂದೆ.