ಇಸಿ 'ನಿಲ್' ಬಂದರೆ ಸೈಟು ಸುರಕ್ಷಿತವೇ?

"ಇಸಿ ಕ್ಲಿಯರ್ ಇದೆ ಸಾರ್, ಧೈರ್ಯವಾಗಿ ಅಡ್ವಾನ್ಸ್ ಕೊಡಿ." ಸೈಟು ನೋಡಲು ಹೋದವರಿಗೆ ಈ ಮಾತು ಹೊಸದಲ್ಲ. ಮುಂದೆ ಬೆಲೆ ಏರುತ್ತದೆ ಎಂದು ವರ್ಷಗಳ ಉಳಿತಾಯವನ್ನೆಲ್ಲ ಹಾಕುವ ಎಷ್ಟೋ ಮಂದಿ ಈ ಒಂದು ಕಾಗದವನ್ನೇ ನಂಬುತ್ತಾರೆ. ಈ ನಂಬಿಕೆ ಎಷ್ಟು ಸರಿ? ನೋಡೋಣ.

ಇಸಿ ಏನು ಹೇಳುತ್ತದೆ?

ಇಸಿ ಎಂದರೆ ಋಣಭಾರ ಪ್ರಮಾಣಪತ್ರ. ನಾವು ಕೇಳಿದ ಅವಧಿಯಲ್ಲಿ ಆ ಆಸ್ತಿಯ ಬಗ್ಗೆ ನೋಂದಣಿಯಾದ ಕ್ರಯ, ದಾನ, ವಿಭಾಗ, ಅಡಮಾನ ಪತ್ರಗಳ ಪಟ್ಟಿ ಅದು. ಕರ್ನಾಟಕದಲ್ಲಿ ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಸಿಗುತ್ತದೆ.

'ನಿಲ್' ಬರುವುದು ಯಾವಾಗಲೂ ಒಳ್ಳೆಯ ಸುದ್ದಿಯಲ್ಲ. ಮಾರುವವರು 2015ರಲ್ಲಿ ಕೊಂಡೆ ಎನ್ನುತ್ತಾರೆ, 2010ರಿಂದ 2020ರವರೆಗಿನ ಇಸಿಯಲ್ಲಿ ಏನೂ ಇಲ್ಲ ಎಂದುಕೊಳ್ಳಿ. ಆಗ ಸರ್ವೆ ನಂಬರ್ ತಪ್ಪಾಗಿರಬಹುದು, ಅಥವಾ ಅವರ ಕ್ರಯಪತ್ರವೇ ಅನುಮಾನಾಸ್ಪದವಾಗಿರಬಹುದು.

ನೋಂದಣಿಯಾದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದೂ ಇಲ್ಲ. 1908ರ ನೋಂದಣಿ ಕಾಯ್ದೆಯಡಿ ಮಾರುವವರ ಹಕ್ಕನ್ನು ತೀರ್ಮಾನಿಸುವುದು ಉಪನೋಂದಣಾಧಿಕಾರಿಯ ಕೆಲಸವಲ್ಲ. ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ಇದನ್ನೇ ಸ್ಪಷ್ಟಪಡಿಸಿದೆ.

ಇಸಿಯಲ್ಲಿ ಕಾಣದೇ ಹೋಗಬಹುದಾದವು

• ವಾರಸುದಾರರ ಪಾಲು: ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರ ತಿದ್ದುಪಡಿ ಹೇಳುತ್ತದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ನೀಡಿತು. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿದ ಕ್ರಯಪತ್ರವನ್ನು ಅಕ್ಕತಂಗಿಯರು ಪ್ರಶ್ನಿಸಬಹುದು.
• ಉಯಿಲು: ಇದರ ನೋಂದಣಿ ಕಡ್ಡಾಯವಲ್ಲ.
• ಮೂಲಪತ್ರ ಇಟ್ಟು ತೆಗೆದ ಸಾಲ: ನೋಂದಣಿಯಾಗದಿದ್ದರೆ ಇಸಿಗೆ ಬರುವುದಿಲ್ಲ. ಬ್ಯಾಂಕ್ ಸಾಲವಾದರೆ ಸರ್ಸಾಯಿ ಎಂಬ ಕೇಂದ್ರ ನೋಂದಣಿಯಲ್ಲಿ ಹುಡುಕಬಹುದು.
• ಕೋರ್ಟ್ ದಾವೆ: ದಾವೆ ನಡೆಯುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರು. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು ಹಾಕಿ ನೋಡಿ.
• ಮಂಜೂರಾತಿ ಜಮೀನು: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯ ಅಸಿಂಧು. ಇಸಿಯಲ್ಲಿ ಕ್ರಯ ಕಾಣುತ್ತದೆ, ಅನುಮತಿ ಇರಲಿಲ್ಲ ಎಂಬುದು ಕಾಣುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಕನಿಷ್ಠ 30 ವರ್ಷದ ದಾಖಲೆಗಳನ್ನು ಸರಪಳಿಯಂತೆ ಜೋಡಿಸಿ ನೋಡಬೇಕು. ಆಸ್ತಿಯ ಸ್ವಾಧೀನಕ್ಕಾಗಿ ದಾವೆ ಹೂಡಲು ಖಾಸಗಿಯವರಿಗೆ ಸಾಮಾನ್ಯವಾಗಿ 12 ವರ್ಷ, ಸರ್ಕಾರಕ್ಕೆ 30 ವರ್ಷ ಕಾಲಾವಕಾಶವಿದೆ. ವಕೀಲರು ಅಷ್ಟು ಹಳೆಯ ಕಾಗದ ಕೇಳಲು ಇದೂ ಒಂದು ಕಾರಣ. ಜೊತೆಗೆ ವಂಶವೃಕ್ಷ, ಪಹಣಿ, ಮ್ಯುಟೇಶನ್, ಭೂಪರಿವರ್ತನೆ ಆದೇಶ, ಅನುಮೋದಿತ ಬಡಾವಣೆ ನಕ್ಷೆಗಳೂ ಬೇಕು. ಖಾತೆ ಇದ್ದರೆ ಸಾಕು ಎನ್ನುವುದೂ ತಪ್ಪು. ಅದು ತೆರಿಗೆಗಾಗಿ ಇರುವ ದಾಖಲೆ, ಹಕ್ಕುಪತ್ರವಲ್ಲ.

ಕಾಗದದಷ್ಟೇ ಮುಖ್ಯ ಸ್ಥಳ ಪರಿಶೀಲನೆ. ಸರ್ವೇಯರ್ ಕರೆದು ಚಕ್ಕುಬಂದಿ ಅಳತೆ ಮಾಡಿಸಿ. ಗ್ರಾಮನಕ್ಷೆಯಲ್ಲಿ ರಾಜಕಾಲುವೆ, ಕೆರೆಯಂಗಳ, ಬಂಡಿದಾರಿ ಹಾದುಹೋಗಿದೆಯೇ ನೋಡಿ. ಮಳೆಗಾಲದಲ್ಲಿ ಒಮ್ಮೆ ಹೋಗಿ, ನೀರು ಎಲ್ಲಿ ನಿಲ್ಲುತ್ತದೆ ಎಂದು ತಿಳಿಯುತ್ತದೆ. ಜಾಗದಲ್ಲಿ ಯಾರಾದರೂ ವಾಸವಿದ್ದರೆ ಅವರನ್ನು ಮಾತನಾಡಿಸಿ. ಅವರಿಗೆ ಹಕ್ಕಿದ್ದರೆ ಅದು ಕೊಳ್ಳುವವರಿಗೆ ಗೊತ್ತಿತ್ತು ಎಂದೇ ಕಾನೂನು ಪರಿಗಣಿಸುತ್ತದೆ.

ನಮ್ಮ ತೀರ್ಮಾನ

ಇಸಿ ಬೇಕೇ ಬೇಕು, ಆದರೆ ಅದೊಂದೇ ಸಾಲದು. ವಕೀಲರನ್ನು ನೀವೇ ಗೊತ್ತುಮಾಡಿ, ಮಾರುವವರು ಸೂಚಿಸಿದವರು ಬೇಡ. ಲಿಖಿತ ಅಭಿಪ್ರಾಯ ಕೈಗೆ ಬರುವ ಮುನ್ನ ಅಡ್ವಾನ್ಸ್ ಕೊಡಲೇಬೇಕಾದರೆ, ಹಕ್ಕಿನಲ್ಲಿ ದೋಷ ಕಂಡುಬಂದರೆ ಹಣ ಪೂರ್ತಿ ವಾಪಸ್ ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಿ.