‘ಬಿಟ್ಟಿ’ ಅನ್ನೋ ಪದದ ಹಳೇ ಲೆಕ್ಕ

ಪುಣೆ, ಚೆನ್ನೈ, ಹೈದರಾಬಾದ್, ಎಲ್ಲೇ ಇರಲಿ, ಬ್ಯಾಚುಲರ್ ಫ್ಲ್ಯಾಟಲ್ಲಿ ಇದ್ದವರಿಗೆಲ್ಲ ಈ ಗಿರಾಕಿ ಗೊತ್ತಿರ್ತಾನೆ. ‘ಎರಡೇ ದಿನ ಮಗಾ’ ಅಂತ ಬ್ಯಾಗ್ ಹಿಡ್ಕೊಂಡು ಬಂದವನು ನಾಲ್ಕು ತಿಂಗಳು ಅಲ್ಲಾಡಲ್ಲ. ಹೈದರಾಬಾದಿನ ನಮ್ಮ ಫ್ಲ್ಯಾಟಿಗೂ ಒಬ್ಬ ಬಂದಿದ್ದ. ಬಾಡಿಗೆ ಕೊಡಲಿಲ್ಲ, ದಿನಸಿ ಖರ್ಚಿಗೆ ಪಾಲು ಹಾಕಲಿಲ್ಲ. ನಾವು ಅವನಿಗೆ ಇಟ್ಟ ಹೆಸರು ‘ಬಿಟ್ಟಿ’.

ಆಮೇಲೆ ಒಂದ್ಸಲ ಈ ಪದದ ಹಿಂದೆ ಬಿದ್ದೆ. ಬಿಟ್ಟಿ ಅಂದ್ರೆ ಮೊದಲು ಪುಕ್ಕಟೆ ಊಟ ಅಲ್ಲ, ಪುಕ್ಕಟೆ ದುಡಿಮೆ! ಸಂಸ್ಕೃತದ ‘ವಿಷ್ಟಿ’ ಕನ್ನಡದಲ್ಲಿ ಬಿಟ್ಟಿ ಆಯ್ತು, ತೆಲುಗಲ್ಲಿ ವೆಟ್ಟಿ. ಅರಸನೋ ಅಧಿಕಾರಿಯೋ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ಕೆಲಸ ಅದು. ಹೊಯ್ಸಳರ ಬಿಟ್ಟಿದೇವನಿಗೂ ಇದಕ್ಕೂ ಸಂಬಂಧ ಇಲ್ಲ, ಅದು ವಿಷ್ಣುವಿನಿಂದ ಬಂದ ಹೆಸರು. ಕಾಮೆಂಟಲ್ಲಿ ಕೇಳೋ ಮೊದಲೇ ಹೇಳಿಬಿಟ್ಟೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ವಿಷ್ಟಿ ಇದೆ. ಕ್ರಿ.ಶ. 150ರ ಸುಮಾರಿನ ಜುನಾಗಢ ಶಾಸನದಲ್ಲಿ ರುದ್ರದಾಮ ಒಂದು ಮಾತು ಹೇಳಿಕೊಳ್ತಾನೆ. ಸುದರ್ಶನ ಕೆರೆಯ ಒಡೆದ ಏರಿಯನ್ನು ತೆರಿಗೆ, ವಿಷ್ಟಿ, ಕಾಣಿಕೆ ಅಂತ ಜನರನ್ನು ಪೀಡಿಸದೆ, ತನ್ನ ಬೊಕ್ಕಸದ ದುಡ್ಡಲ್ಲೇ ಕಟ್ಟಿಸಿದೆ ಅಂತ. ಅದನ್ನೂ ಬಂಡೆ ಮೇಲೆ ಕೆತ್ತಿಸಿಕೊಳ್ಳಬೇಕಿತ್ತು ಅಂದ್ರೆ ಉಳಿದ ರಾಜರು ಏನ್ಮಾಡ್ತಿದ್ರು ಅಂತ ನೀವೇ ಊಹಿಸಿ.

ತೀರಾ ಹಳೇ ಕಥೆಯೂ ಅಲ್ಲ ಇದು. ನಮ್ಮ ಬೀದರ್, ಗುಲ್ಬರ್ಗ, ರಾಯಚೂರು ಕೂಡ ಸೇರಿದ್ದ ನಿಜಾಮನ ಸಂಸ್ಥಾನವನ್ನೇ ನೋಡಿ. ತೆಲಂಗಾಣದ ಹಳ್ಳಿಗಳಲ್ಲಿ ದೇಶಮುಖರ ಮನೆಗೆ ಕುಂಬಾರ ಮಡಕೆ ಕೊಡಬೇಕು, ಅಗಸ ಬಟ್ಟೆ ಒಗೀಬೇಕು, ದಲಿತರ ಮನೆಗಳಿಂದ ಆಳು ಹೋಗಬೇಕು. ಅಧಿಕಾರಿ ಊರಿಗೆ ಬಂದ್ರೆ ಅವನ ಮೂಟೆಯೂ ಊರವರ ತಲೆ ಮೇಲೇ. ಇದನ್ನೇ ವೆಟ್ಟಿ ಚಾಕಿರಿ ಅಂತಿದ್ರು. 1946ರಿಂದ 1951ರವರೆಗಿನ ತೆಲಂಗಾಣ ರೈತ ಹೋರಾಟಕ್ಕೆ ಇದೂ ಒಂದು ದೊಡ್ಡ ಕಾರಣ. ಆಮೇಲೆ ಸಂವಿಧಾನದ 23ನೇ ವಿಧಿ ಇಂಥ ದುಡಿಮೆಯನ್ನು ನಿಷೇಧಿಸಿತು. ಜೀತ ರದ್ದತಿ ಕಾಯ್ದೆ ಬರೋಕೆ ಮಾತ್ರ 1976 ಆಗಬೇಕಾಯ್ತು.

ಅಂದ್ರೆ ಬಿಟ್ಟಿ ಅನ್ನೋದು ದುಡಿದವನ ಹಣೆಬರಹ ಆಗಿತ್ತು. ಕೂತು ತಿಂದವನನ್ನು ದೊರೆ ಅಂತಿದ್ರು. ಅದೇ ಪದ ಇವತ್ತು ಕೈಯಲ್ಲಿ ಕಾಸಿಲ್ಲದೆ ಇನ್ನೊಬ್ಬರ ಮನೇಲಿ ತಿನ್ನೋನಿಗೆ ಬೈಗುಳ.

ಇದನ್ನೆಲ್ಲ ಓದ್ತಿದ್ದಾಗ ನಮ್ಮ ಫ್ಲ್ಯಾಟಿನ ಎಕ್ಸೆಲ್ ಶೀಟ್ ನೆನಪಾಯ್ತು. ಅವನು ತಿಂದ ಅಕ್ಕಿ, ಉರಿಸಿದ ಗ್ಯಾಸು, ಎಲ್ಲದರ ಲೆಕ್ಕ ಬರೆದಿಟ್ಟವನು ನಾನೇ. ಅಡುಗೆಗೆ ಬರ್ತಿದ್ದ ಅಕ್ಕ ನಾಲ್ಕು ಜನಕ್ಕೆ ಮಾತಾಡಿದ ಸಂಬಳಕ್ಕೇ ಐದು ಜನಕ್ಕೆ ಚಪಾತಿ ಲಟ್ಟಿಸಿದ್ರು. ನಾಲ್ಕು ತಿಂಗಳು. ಒಂದ್ಸಲ ‘ಒಬ್ಬರು ಜಾಸ್ತಿ ಆಗಿದ್ದಾರಲ್ಲ ಬಾಬು’ ಅಂತ ಕೇಳಿದ್ರು ಕೂಡ. ‘ಎರಡೇ ದಿನ ಅಕ್ಕ’ ಅಂದಿದ್ದೆ. ಆ ಶೀಟಲ್ಲಿ ಅವರ ಕಾಲಮ್ಮೇ ಇಲ್ಲ.

ಕೆಲಸ ಸಿಕ್ಕ ಮೇಲೆ ಅವನು ಋಣ ತೀರಿಸಿದ. ನಮ್ಮ ನಾಲ್ವರಿಗೂ ದೊಡ್ಡ ಹೋಟೆಲಲ್ಲಿ ಬಿರಿಯಾನಿ ಕೊಡಿಸಿದ. ‘ಇವತ್ತು ಅಡುಗೆ ಬೇಡ, ಬರಬೇಡಿ’ ಅಂತ ಅಕ್ಕನಿಗೆ ಮೆಸೇಜ್ ಹಾಕಿ ಹೊರಟ್ವಿ.