ಆಹ್ವಾನ ಬಾರದ ತಂಡ: 1951ರ ಸ್ಯಾನ್ ಫ್ರಾನ್ಸಿಸ್ಕೊ ಡಾನ್ಸ್

ಅಮೆರಿಕದ ಕಾಲೇಜು ಫುಟ್‌ಬಾಲಿನ ಚರಿತ್ರೆ ಬಹುಮಟ್ಟಿಗೆ ಪ್ರಶಸ್ತಿಗಳ ಚರಿತ್ರೆ. ಒಂದು ಪಂದ್ಯವನ್ನೂ ಸೋಲದೆ, ಯಾವ ಪ್ರಶಸ್ತಿಯನ್ನೂ ಪಡೆಯದೆ ಮನೆಗೆ ಮರಳಿದ ತಂಡವೊಂದು ಜನಸ್ಮೃತಿಯಲ್ಲಿ ಉಳಿದ ಬಗೆ ಆದ್ದರಿಂದಲೇ ವಿಚಾರಾರ್ಹವಾದುದು. 1951ರ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ 'ಡಾನ್ಸ್' ಅಂಥ ತಂಡ. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಲ್ಲ. ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ಓಡುವ, ಎದುರಾಳಿಯನ್ನು ಮೈಯೊಡ್ಡಿ ಕೆಡಹುವ ಅಮೆರಿಕನ್ ಆಟ.

ಜೆಸ್ಯುಯಿಟ್ ಪಾದ್ರಿಗಳು ನಡೆಸುವ ಆ ವಿಶ್ವವಿದ್ಯಾಲಯ ಚಿಕ್ಕದು. ತಂಡದ ತರಬೇತುದಾರ ಜೋ ಕುಹಾರಿಚ್. ಪ್ರಚಾರದ ಹೊಣೆ ಹೊತ್ತವನು ಪೀಟ್ ರೋಝೆಲ್ ಎಂಬ ಯುವಕ. ರಕ್ಷಣಾ ಸಾಲಿನಲ್ಲಿದ್ದ ಜೀನೋ ಮಾರ್ಚೆಟ್ಟಿ ಯುರೋಪಿನ ರಣರಂಗದಲ್ಲಿ ಹೋರಾಡಿ ಬಂದವನು. ಯುದ್ಧೋತ್ತರ ಕಾಲೇಜು ತಂಡಗಳಲ್ಲಿ ಇಂಥ ಮಾಜಿ ಸೈನಿಕರು ಅಪರೂಪವಾಗಿರಲಿಲ್ಲ. ಇಬ್ಬರು ಕಪ್ಪುವರ್ಣೀಯರಿದ್ದರು: ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್. ಒಬ್ಬನು ಟೆಕ್ಸಾಸಿನಲ್ಲಿ, ಇನ್ನೊಬ್ಬನು ಟೆನೆಸಿಯ ಮೆಂಫಿಸಿನಲ್ಲಿ ಹುಟ್ಟಿದವನು. ಇಬ್ಬರೂ ದಕ್ಷಿಣದ ಮಕ್ಕಳೆಂಬುದು ಮುಂದಿನ ಕಥೆಗೆ ಮುಖ್ಯ.

ಆ ಋತುವಿನಲ್ಲಿ ತಂಡವು ಆಡಿದ ಒಂಬತ್ತೂ ಪಂದ್ಯಗಳನ್ನು ಗೆದ್ದಿತು. ನ್ಯೂಯಾರ್ಕಿನಲ್ಲಿ ಫೋರ್ಡಮ್ ವಿರುದ್ಧ 32–26ರಿಂದ ಗೆದ್ದಾಗ ಪೂರ್ವತೀರದ ಪತ್ರಕರ್ತರು ಮೊದಲ ಬಾರಿಗೆ ಮ್ಯಾಟ್ಸನ್‌ನನ್ನು ಹತ್ತಿರದಿಂದ ಕಂಡರು. ಎದುರಾಳಿಗಳು ಒದ್ದ ಚೆಂಡನ್ನು ಅವನು ಅಂದು ಎರಡು ಸಲ ಗೆರೆ ದಾಟಿಸಿದ. ಋತುವಿಡೀ ಅವನು ಚೆಂಡಿನೊಡನೆ ಓಡಿ ಗಳಿಸಿದ್ದು 1,566 ಗಜ. ಇದು ದೇಶದಲ್ಲೇ ಅಗ್ರ ಸಾಧನೆ. ನವೆಂಬರಿನಲ್ಲಿ ಕಾಲೇಜ್ ಆಫ್ ದಿ ಪೆಸಿಫಿಕ್ ತಂಡ 47–14ರಿಂದ ಸೋತಿತು. ಕೊನೆಯ ಪಂದ್ಯ ಪಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ, ಲಯೋಲಾ ವಿರುದ್ಧ.

ಆ ಕಾಲದಲ್ಲಿ ಹೊಸವರ್ಷದ ಆಸುಪಾಸಿನಲ್ಲಿ ಕೆಲವು ನಗರಗಳ ಸಮಿತಿಗಳು ಶ್ರೇಷ್ಠ ತಂಡಗಳನ್ನು ಕರೆಸಿ 'ಬೌಲ್' ಪಂದ್ಯಗಳನ್ನು ಏರ್ಪಡಿಸುತ್ತಿದ್ದವು. ಕೀರ್ತಿಯೂ ಹಣವೂ ಅಲ್ಲಿತ್ತು. ಮಯಾಮಿಯ ಆರೆಂಜ್ ಬೌಲ್ ಮೊದಲಾದವು ನಡೆಯುತ್ತಿದ್ದುದು ವರ್ಣಭೇದ ಕಾನೂನುಗಳಿದ್ದ ದಕ್ಷಿಣದಲ್ಲಿ. 1948ರಲ್ಲೇ ಡಲ್ಲಾಸಿನ ಕಾಟನ್ ಬೌಲಿನಲ್ಲಿ ಪೆನ್ ಸ್ಟೇಟ್ ತಂಡದ ಇಬ್ಬರು ಕಪ್ಪು ಆಟಗಾರರು ಆಡಿದ್ದುಂಟು. ಆದರೆ ಅದು ಅಪವಾದ. ಮ್ಯಾಟ್ಸನ್ ಮತ್ತು ಟೋಲರ್ ಅವರನ್ನು ಬಿಟ್ಟು ಬರುವುದಾದರೆ ಅವಕಾಶವಿದೆಯೆಂಬ ಮಾತು ತಂಡಕ್ಕೆ ತಲುಪಿತು. ತಂಡ ಒಪ್ಪಲಿಲ್ಲ. ಅದಕ್ಕೆ ಚರ್ಚೆಯೇ ಬೇಕಾಗಲಿಲ್ಲವೆಂದು ಆಟಗಾರರು ಮುಂದೆ ಹೇಳುತ್ತ ಬಂದರು. 1952ರ ಜನವರಿ 1ರಂದು ಆರೆಂಜ್ ಬೌಲಿನಲ್ಲಿ ಆಡಿದವು ಜಾರ್ಜಿಯಾ ಟೆಕ್ ಮತ್ತು ಬೇಲರ್.

ಡಾನ್ಸ್ ತಂಡ ದುರ್ಬಲ ಎದುರಾಳಿಗಳೊಡನೆ ಆಡಿತೆಂಬ ಸಮರ್ಥನೆಯೂ ಇದೆ. ವೇಳಾಪಟ್ಟಿಯಲ್ಲಿ ಸೇನಾ ನೆಲೆಗಳ ತಂಡಗಳಿದ್ದುದು ನಿಜ; ಪತ್ರಕರ್ತರ ಅಂತಿಮ ಶ್ರೇಯಾಂಕದಲ್ಲಿ ಅದಕ್ಕೆ ದೊರೆತದ್ದು 14ನೆಯ ಸ್ಥಾನ. ಆದರೆ ಈ ವಾದವೊಂದೇ ಸಾಲದು. ಇದೇ ತಂಡದ ಮೂವರು, ಮ್ಯಾಟ್ಸನ್, ಮಾರ್ಚೆಟ್ಟಿ ಮತ್ತು ಬಾಬ್ ಸೇಂಟ್ ಕ್ಲೇರ್, ಮುಂದೆ ವೃತ್ತಿಪರ ಫುಟ್‌ಬಾಲಿನ ಕೀರ್ತಿಭವನ ಸೇರಿದರು.

ನಿರಾಕರಣೆಯ ಬೆಲೆ ದೊಡ್ಡದಾಗಿತ್ತು. ಫುಟ್‌ಬಾಲಿನ ಖರ್ಚು ವಿಶ್ವವಿದ್ಯಾಲಯಕ್ಕೆ ಆಗಲೇ ಭಾರವಾಗಿತ್ತು. ಬೌಲಿನ ಹಣ ಬರಲಿಲ್ಲ, ಆ ಋತುವಿನೊಂದಿಗೆ ತಂಡವನ್ನೇ ವಿಸರ್ಜಿಸಲಾಯಿತು. ಐತಿಹ್ಯ ಈ ಸಂಗತಿಯನ್ನು ಸಾಮಾನ್ಯವಾಗಿ ಅಂಚಿಗೆ ಸರಿಸುತ್ತದೆ. ಸೋಲಿಲ್ಲ, ಸಮವಿಲ್ಲ, ಆಹ್ವಾನವಿಲ್ಲ ಎಂಬರ್ಥದ ಮೂರು ಪದಗಳಲ್ಲಿ ಕಥೆ ಗಟ್ಟಿಗೊಂಡಿತು. ಬಾಯಿಂದ ಬಾಯಿಗೆ ಸಾಗುವ ಯಾವುದೇ ಕಥನಕ್ಕೆ ಇಂಥ ಪ್ರಾಸಬದ್ಧ ಹಿಡಿ ಬೇಕು. ಹಾಗೆ ಗಟ್ಟಿಗೊಂಡಾಗ ಮುಚ್ಚಿಹೋದ ತಂಡದ ಲೆಕ್ಕಪತ್ರ ಅದರೊಳಗೆ ಹಿಡಿಸಲಿಲ್ಲ. ವಿಶ್ವವಿದ್ಯಾಲಯ ಆ ಆಟಗಾರರಿಗೆ ಗೌರವ ಪದವಿ ನೀಡಿದ್ದು 2006ರಲ್ಲಿ.

ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಓಡಿ ಎರಡು ಪದಕ ಗೆದ್ದ. ರೋಝೆಲ್ 1960ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಆಯುಕ್ತನಾದ. ಟೋಲರ್‌ನ ಮೊಣಕಾಲು 1952ರ ಪ್ರದರ್ಶನ ಪಂದ್ಯದಲ್ಲಿ ಮುರಿದು ಆಟಗಾರನ ಬದುಕು ಮುಗಿಯಿತು. ಅವನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶಾಲಾ ಮುಖ್ಯೋಪಾಧ್ಯಾಯನಾದ; 1965ರಲ್ಲಿ ರೋಝೆಲ್‌ನ ಲೀಗಿನ ಮೊದಲ ಕಪ್ಪುವರ್ಣೀಯ ಪಂದ್ಯಾಧಿಕಾರಿಯೂ ಆದ. 1980ರ ಜನವರಿಯ ಸೂಪರ್ ಬೌಲಿನಲ್ಲಿ ಅಧಿಕಾರಿಯಾಗಿ ಅವನು ಇಳಿದದ್ದು ಪಸಡೀನಾದ ಅದೇ ರೋಸ್ ಬೌಲ್ ಮೈದಾನಕ್ಕೆ.